ನಾನು ಚಕ್ಕೋತ ಸೊಪ್ಪನ್ನು ಕಂಡುಹಿಡಿದದ್ದು

ಹಸಿ ಅಂಟಿಗೆ ಒಂದು ವಾಸನೆಯಿದೆ, ನಿಮಗೂ ಗೊತ್ತಿರುತ್ತದೆ. ಮೂಗಿಗೆ ಬಿದ್ದ ಕೂಡಲೇ ಎಂಥವರಿಗೂ ಚಡ್ಡಿ ಹಾಕಿಕೊಂಡು ಮೂರನೇ ಕ್ಲಾಸಿನಲ್ಲಿ ಕೂತಂತೆ ಆಗುತ್ತದೆ. ನಾನು ಶಾಲೆಯಲ್ಲಿ ಕೂತದ್ದೇ ಏಳನೇ ಕ್ಲಾಸಿನವರೆಗೆ, ಹಾಗಾಗಿ ನನ್ನ ಬಳಿ ಅಂಥ ವಾಸನೆಗಳ ದಾಸ್ತಾನು ಕಡಿಮೆ. ಆದರೂ ಹೋದ ವಾರ ಅಡುಗೆಮನೆಗೆ ಕಾಲಿಟ್ಟಾಗ ಆ ವಾಸನೆ ಹಿಡಿದು ನಿಲ್ಲಿಸಿತು. ನನ್ನ ತಂಗಿಯ ಮಗಳು ಇಂಚರ ಊಟದ ಮೇಜಿನ ತುಂಬ ಒಂದು ದೊಡ್ಡ ಹಾಳೆ ಹರಡಿಕೊಂಡು ಆಫ್ರಿಕಾ ಖಂಡವನ್ನು ಬರೆದಿದ್ದಳು. ಅಂಚಿನ ಸಮುದ್ರಕ್ಕೆಲ್ಲ ನೀಲಿ ಬಳಿದಾಗಿತ್ತು. ಮಧ್ಯೆ ಬಿಳಿ. ಆ ಬಿಳಿಯ ಮೇಲೆ ಟೊಪ್ಪಿಗೆ, ಮೀಸೆ, ಬಂದೂಕು ಇದ್ದ ಒಬ್ಬ ಸಾಹೇಬನನ್ನು ಕತ್ತರಿಸಿ ಅಂಟಿಸುತ್ತಿದ್ದಳು. ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರಂತೆ: ಆಫ್ರಿಕಾವನ್ನು ಶೋಧಿಸಿದವರು.

ಹಳೆಯ ಕಾಲದ ನಕ್ಷೆಗಳಲ್ಲಿ ಮಧ್ಯದ ಜಾಗವನ್ನು ಹೀಗೇ ಬಿಳಿಯಾಗಿ ಬಿಡುತ್ತಿದ್ದರೆಂದು ಅವಳು ನನಗೆ ವಿವರಿಸಿದಳು. ಅಲ್ಲಿ ಏನಿದೆ ಎಂದು ಲಂಡನ್ನಿನಲ್ಲಿ ಕೂತವರಿಗೆ ಗೊತ್ತಿರಲಿಲ್ಲವಾದ್ದರಿಂದ ಬಣ್ಣ ಹಾಕಿರಲಿಲ್ಲ. ಆಮೇಲೆ ಒಬ್ಬೊಬ್ಬ ಸಾಹೇಬ ಹೋಗಿ ಒಂದು ಕೆರೆಯನ್ನೋ ನದಿಯನ್ನೋ ಕಂಡುಹಿಡಿದು, ತನ್ನ ರಾಣಿಯ ಹೆಸರಿಟ್ಟು, ವಾಪಸು ಬಂದು ಪುಸ್ತಕ ಬರೆದ. ಇಷ್ಟು ಹೇಳಿ ಅವಳೇ ಕತ್ತರಿ ಕೆಳಗಿಟ್ಟು, ಇಲ್ಲಿ ಬೆಳೆದ ಮಕ್ಕಳ ರಾಗದಲ್ಲಿ ಕೇಳಿದಳು. "ಬಟ್ ಮಾಮ, ಪೀಪಲ್ ವರ್ ಲಿವಿಂಗ್ ದೇರ್. ಸೋ ವಾಟ್ ಡಿಡ್ ಹಿ ಫೈಂಡ್?"

ಜನ ಅಲ್ಲೇ ಇದ್ದರಲ್ಲ, ಇವನು ಹುಡುಕಿದ್ದೇನು ಎಂದು. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಯೋಚಿಸದೆ ಹೇಳಿಬಿಟ್ಟೆ: "ಅವನಿಗೆ ಗೊತ್ತಿರಲಿಲ್ಲ ಕಣಮ್ಮ. ತನಗೆ ಗೊತ್ತಿಲ್ಲ ಅಂದ್ರೆ ಇನ್ಯಾರಿಗೂ ಗೊತ್ತಿಲ್ಲ ಅನ್ಕೊಂಡ."

ಸಿಂಕಿನ ಹತ್ತಿರ ಪಾತ್ರೆ ತೊಳೆಯುತ್ತಿದ್ದ ನನ್ನ ತಂಗಿ ಸುಧಾಳ ಕೈ ಒಂದು ಕ್ಷಣ ನಿಂತಿತು. ಅವಳು ತಿರುಗಲಿಲ್ಲ. ನಲ್ಲಿ ಸುಮ್ಮನೆ ಹರಿಯಿತು. ಆ ನಿಂತ ಕೈ ನನಗಾಗಿಯೇ ನಿಂತದ್ದು. ಯಾಕೆಂದು ಹೇಳಲು ಎರಡು ವರ್ಷ ಹಿಂದಕ್ಕೆ ಹೋಗಬೇಕು.

ನಾವು ಮದ್ದೂರು ಕಡೆಯವರು. ಸುಧಾ ಓದಿ ನರ್ಸ್ ಆದಳು, ಇಲ್ಲಿ ಐರ್ಲೆಂಡಿನ ಸ್ಲೈಗೋದಲ್ಲಿ ಆಸ್ಪತ್ರೆಯ ಕೆಲಸ ಸಿಕ್ಕಿತು. ಅವಳು ಓದಲೆಂದು ನಾನು ಶಾಲೆ ಬಿಟ್ಟೆ ಎಂದು ಇಲ್ಲಿಯ ಕನ್ನಡದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿಮ್ಮ ಹತ್ತಿರ ಸುಳ್ಳೇಕೆ, ನನಗೆ ಗಣಿತ ಬರುತ್ತಿರಲಿಲ್ಲ. ಹೋಟೆಲಿನ ಅಡುಗೆಮನೆ ಶಾಲೆಗಿಂತ ಬೆಚ್ಚಗಿತ್ತು. ಈ ದೇಶಕ್ಕೆ ನನ್ನನ್ನು ಕರೆಸಿಕೊಂಡವಳೂ ಅವಳೇ. ಇಲ್ಲೊಂದು ಇಂಡಿಯನ್ ರೆಸ್ಟೊರೆಂಟಿನಲ್ಲಿ ಅಡುಗೆಯವರು ಬೇಕೆಂದು ತಿಳಿದು, ಅರ್ಜಿ ತುಂಬಿ, ಪರ್ಮಿಟ್ ಬರುವವರೆಗೆ ಅವರ ಬೆನ್ನು ಬಿಡಲಿಲ್ಲ. ನಾನು ಮಾತ್ರ ಊರಿನಲ್ಲಿ, ತಂಗಿ ಒಬ್ಬಳೇ ಇದ್ದಾಳೆ, ನೋಡಿಕೊಳ್ಳಲು ಹೋಗುತ್ತಿದ್ದೇನೆ ಎಂದು ಹೇಳಿ ವಿಮಾನ ಹತ್ತಿದೆ. ನೋಡಿದಿರಲ್ಲ, ಸಾಹೇಬನ ಲಕ್ಷಣಗಳು ಮೊದಲಿಂದಲೂ ಇದ್ದವು.

ನಮ್ಮ ಕಡೆ ಬೆರಕೆ ಸೊಪ್ಪು ಎಂದು ಒಂದಿದೆ. ಮಳೆ ಬಿದ್ದ ಮೇಲೆ ಹೆಂಗಸರು ಹೊಲದ ಬದುವಿನ ಮೇಲೆ ಬಗ್ಗಿ ನಡೆಯುತ್ತ ಅಣ್ಣೆ, ಗೋಣಿ, ಗಣಿಕೆ, ಚಕ್ಕೋತ, ಹೀಗೆ ಕೈಗೆ ಸಿಕ್ಕ ಹತ್ತು ಸೊಪ್ಪನ್ನು ಮಡಿಲಿಗೆ ತುಂಬಿಕೊಂಡು ಬರುತ್ತಾರೆ. ಯಾರೂ ಬಿತ್ತಿದ್ದಲ್ಲ, ಯಾರದೂ ಅಲ್ಲ. ಬೇಳೆ ಹಾಕಿ ಬೇಯಿಸಿ ಮಸೆದರೆ ಮಸ್ಸೊಪ್ಪು. ಅದಕ್ಕೆ ಕೆಲವು ಕಟ್ಟುಗಳುಂಟು. ಚಿಗುರು ಚಿವುಟಬೇಕು, ಬೇರು ಕೀಳಬಾರದು. ಒಂದೇ ಗಿಡವನ್ನು ಬೋಳಿಸಬಾರದು. ಬೀಜಕ್ಕೆಂದು ನಾಲ್ಕು ಗಿಡ ಮುಟ್ಟದೆ ಬಿಡಬೇಕು. ಸೊಪ್ಪು ಎಲ್ಲಿ ಸಿಕ್ಕಿತೆಂದು ಪಕ್ಕದ ಮನೆಯವಳು ಕೇಳಿದರೆ, ಅಲ್ಲೇ ಕಣಕ್ಕ, ಹಿಂಗೇ ಹೋಗ್ತಾ, ಎಂದು ಕೈಯನ್ನು ಅರ್ಧ ಆಕಾಶಕ್ಕೆ ಬೀಸಬೇಕು. ನಮ್ಮವ್ವ ಆ ಕೈ ಬೀಸುವುದರಲ್ಲಿ ನಿಪುಣೆ. ಸುಧಾ ಅದನ್ನು ಕಲಿತಳು. ನಾನು ಗಂಡಸು, ನನಗೆ ಕಲಿಸಲಿಲ್ಲ.

ಇಲ್ಲಿಗೆ ಬಂದ ಮೊದಲ ವರ್ಷ ಸುಧಾ ಯಾರೊಂದಿಗೂ ಮಾತಿಲ್ಲದೆ ಕೊರಗಿದಳಂತೆ. ಗಂಡನಿಗೆ ಕಾರ್ಕ್‌ನ ಔಷಧ ಕಂಪನಿಯಲ್ಲಿ ಕೆಲಸ, ಬರುವುದು ಶನಿವಾರ ಭಾನುವಾರ ಮಾತ್ರ. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹಳ್ಳಿಯ ರಸ್ತೆಯಲ್ಲಿ ನಡೆಯುತ್ತಿದ್ದಾಗ ಒಂದು ಆಲೂಗಡ್ಡೆ ಹೊಲದ ಅಂಚಿನಲ್ಲಿ ಚಕ್ಕೋತ ಸೊಪ್ಪು ಕಂಡಳು. ನಮ್ಮೂರಿನದೇ ಎಂದು ಆಣೆ ಮಾಡಿ ಹೇಳಲಾರೆ, ಅದರ ದಾಯಾದಿಯಂತೂ ಹೌದು. ಗೇಟಿಗೆ ಒರಗಿ ಅಳುತ್ತ ನಿಂತಿದ್ದವಳನ್ನು ಹೊಲದ ಒಡತಿ ನೋರಾ ನೋಡಿದರು. ಆಗಲೇ ಎಪ್ಪತ್ತು ದಾಟಿದ್ದ ಒಂಟಿ ಹೆಂಗಸು. ಕೋಳಿಗೆ ಹಾಕುವ ಕಳೆಯನ್ನು ನೋಡಿ ಯಾಕಮ್ಮ ಅಳುತ್ತೀಯ ಎಂದು ಕೇಳಿ ಒಳಗೆ ಕರೆದು ಚಹಾ ಕೊಟ್ಟರು. ಅಲ್ಲಿಂದ ಶುರು. ಸುಧಾ ಮಸ್ಸೊಪ್ಪು ಮಾಡಿ ಅವರಿಗೆ ಒಯ್ದಳು. ಅವರು ಇಂಚರಳನ್ನು ಶಾಲೆ ಬಿಟ್ಟ ಮೇಲೆ ನೋಡಿಕೊಂಡರು. ಇಂಚರಳ ಕೆಂಪು ರಬ್ಬರ್ ಬೂಟುಗಳು ಅವರ ಬಾಗಿಲ ಹಿಂದೆಯೇ ಇರುತ್ತಿದ್ದವು.

ನೋರಾ ಮನೆಗೆ ಹೋಗುವ ಕೂಡುರಸ್ತೆಯಲ್ಲಿ ಒಂದು ಕಲ್ಲು ನಿಂತಿದೆ. ಆ ಊರಿನ ಬಂಗಲೆಯಲ್ಲಿದ್ದ ಒಬ್ಬ ಕರ್ನಲ್ ಆಫ್ರಿಕಾಕ್ಕೆ ಹೋಗಿ ಒಂದು ಸರೋವರವನ್ನು ಕಂಡುಹಿಡಿದು ಆ ಸೀಮೆಯನ್ನು ತೆರೆದನೆಂದು ಕೆತ್ತಿದ್ದಾರೆ. ತೆರೆದನಂತೆ, ಉಪ್ಪಿನಕಾಯಿ ಜಾಡಿಯ ಹಾಗೆ. ಅವನು ಸರೋವರ ಕಂಡುಹಿಡಿದ ದಿನ ಅದರಲ್ಲಿ ಮೀನು ಹಿಡಿಯುತ್ತಿದ್ದವರು ತಮ್ಮ ದೋಣಿಯಲ್ಲೇ ಅವನನ್ನು ಆಚೆ ದಡಕ್ಕೆ ದಾಟಿಸಿದರೆಂದು ನೋರಾ ಹೇಳುತ್ತಿದ್ದರು. ಅವರಿಗೆ ಹೇಗೆ ಗೊತ್ತೆಂದರೆ, ಅವರ ಅಜ್ಜ ಹದಿನೇಳನೇ ವಯಸ್ಸಿನಲ್ಲಿ ಕರ್ನಲ್‌ನ ಆಳಾಗಿ ಜೊತೆಯಲ್ಲಿ ಹೋಗಿದ್ದ. ನೂರಾರು ಆಫ್ರಿಕಾದವರು ತಲೆಯ ಮೇಲೆ ಹೊತ್ತ ಸಾಮಾನಿನಲ್ಲಿ ಮಣಿಸರ, ಬಟ್ಟೆ, ಮದ್ದುಗುಂಡು, ಬ್ರಾಂದಿಯ ಜೊತೆಗೆ ಒಂದು ತಗಡಿನ ಸ್ನಾನದ ತೊಟ್ಟಿಯೂ ಇತ್ತು. ಕಾಡಿನಲ್ಲಿ ಆರು ತಿಂಗಳು ಆ ತೊಟ್ಟಿ ಹೊತ್ತವರು ಯಾರೆಂದು ಕರ್ನಲ್‌ನ ಪುಸ್ತಕದಲ್ಲಿ ಇಲ್ಲ. ಸ್ನಾನ ಮಾಡಿದವರು ಯಾರೆಂದು ಇದೆ. ಅಜ್ಜನ ಪ್ರಸ್ತಾಪ ಒಂದೇ ಕಡೆ, ಆಳಿಗೆ ಜ್ವರ ಬಂದಿದ್ದರಿಂದ ಎರಡು ದಿನ ತಡವಾಯಿತು ಎಂಬಲ್ಲಿ. ಅಜ್ಜ ತಂದದ್ದು ಒಂದು ತಗಡಿನ ಲೋಟ, ಮತ್ತು ಹೊತ್ತವರಲ್ಲಿ ನಾಲ್ಕು ಜನರ ಹೆಸರು. ಮುದುಕನಾದ ಮೇಲೆ ಅವನು ಪ್ರಾರ್ಥನೆ ಮುಗಿಸಿ ಆ ನಾಲ್ಕು ಹೆಸರನ್ನೂ ಸೇರಿಸಿ ಹೇಳುತ್ತಿದ್ದನಂತೆ.

ಇದನ್ನೆಲ್ಲ ನಾನು ಕೇಳಿದ್ದೆ. ಕೇಳಿ, ಪಾಪ ಎಂದು ತಲೆಯಾಡಿಸಿದ್ದೆ. ಆಮೇಲೆ ಹೋಗಿ ಅದನ್ನೇ ಮಾಡಿದೆ.

ಇಲ್ಲಿಯ ಕನ್ನಡದವರದೊಂದು ವಾಟ್ಸಾಪ್ ಗುಂಪಿದೆ. ಎಲ್ಲ ಸಾಫ್ಟ್‌ವೇರಿನವರು, ಮಾಸ್ಟರ್ಸ್ ಓದಿದವರು. ಅವರು ವೀಸಾ, ಮನೆ ಬಾಡಿಗೆ, ತೆರಿಗೆಯ ಬಗ್ಗೆ ಬರೆಯುತ್ತಾರೆ. ನಾನು ಹಬ್ಬದ ದಿನ ದೀಪದ ಚಿತ್ರ ಕಳಿಸುತ್ತೇನೆ. ಜೂನ್ ತಿಂಗಳ ಒಂದು ದಿನ ಯಾರೋ ಹೆಣ್ಣುಮಗಳು ಒಂದು ಹಿಡಿ ಚಕ್ಕೋತ ಸೊಪ್ಪಿಗೆ ಜೀವ ಬಿಡ್ತೀನಿ ಎಂದು ಬರೆದಳು. ಅದರ ಕೆಳಗೆ ನಲವತ್ತು ಜನ ಅಳುವ ಮುಖಗಳನ್ನು ಹಾಕಿದರು. ಆ ನಲವತ್ತು ಮುಖಗಳನ್ನು ನೋಡಿ ನನ್ನೊಳಗಿನ ಕರ್ನಲ್ ಎದ್ದು ಕೂತ. ಮರುದಿನ ಸುಧಾ ಡ್ಯೂಟಿಗೆ ಹೋದಾಗ ನೋರಾ ಅವರ ಹೊಲಕ್ಕೆ ಹೋಗಿ, ಟೊಪ್ಪಿಗೆ ಹಾಕಿಕೊಂಡು, ಒಂದು ಕಾಲನ್ನು ಕಲ್ಲಿನ ಮೇಲಿಟ್ಟು, ಕೈಯಲ್ಲಿ ಸೊಪ್ಪು ಹಿಡಿದು ಫೋಟೋ ತೆಗೆದುಕೊಂಡೆ. ಬರೆದದ್ದು ಅಕ್ಷರ ಅಕ್ಷರ ನೆನಪಿದೆ: ಬಹಳ ದಿನಗಳ ಹುಡುಕಾಟದ ನಂತರ ಐರ್ಲೆಂಡಿನಲ್ಲಿ ಚಕ್ಕೋತ ಸೊಪ್ಪನ್ನು ಕಂಡುಹಿಡಿದಿದ್ದೇನೆ.

ಬಹಳ ದಿನಗಳ ಹುಡುಕಾಟ. ಸುಧಾ ಅದನ್ನು ಏಳು ವರ್ಷದಿಂದ ತಟ್ಟೆಗೆ ಬಡಿಸುತ್ತಿದ್ದಳು, ನಾನು ಎರಡನೇ ಸಲ ಹಾಕಿಸಿಕೊಂಡು ತಿನ್ನುತ್ತಿದ್ದೆ.

ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಅಣ್ಣ ನೀವು ದೇವರು ಎಂದ ಒಬ್ಬ. ಇಂಜಿನಿಯರುಗಳು ನನ್ನನ್ನು ನೀವು ಎಂದು ಕರೆದದ್ದು ಮೊದಲಲ್ಲ, ಆದರೆ ಅದಕ್ಕೆ ಒಂದು ಕಾರಣ ಸಿಕ್ಕಿದ್ದು ಅಂದೇ ಮೊದಲು. ಒಬ್ಬ ಹುಡುಗ ಲೊಕೇಶನ್ ಪಿನ್ ಹಾಕಿ ಅಣ್ಣ ಎಂದ. ಹಿಂದೆ ಬಾವುಟ ನೆಡುತ್ತಿದ್ದರು, ಈಗ ಪಿನ್. ನೆಟ್ಟೆ. ಆ ಶನಿವಾರ ಐದು ಕಾರು ಬಂದವು. ನಾನೇ ಮುಂದೆ ನಿಂತು ಗೇಟು ತೆಗೆದೆ. ನೋರಾ ಆ ದಿನ ಆಸ್ಪತ್ರೆಯ ತಪಾಸಣೆಗೆ ಹೋಗಿದ್ದರು. ಕರೆದುಕೊಂಡು ಹೋದವಳು ಸುಧಾಳೇ. ಒಡತಿ ಇಲ್ಲದ ಹೊಲದಲ್ಲಿ ನಾನು, ನಮ್ಮವ್ವನ ಕಟ್ಟುಗಳನ್ನು ಕೇಳಿಸಿಕೊಂಡವನಂತೆ, ಚಿಗುರು ಮಾತ್ರ ಚಿವುಟಬೇಕೆಂದು ಭಾಷಣ ಮಾಡಿದೆ. ಎಲ್ಲರೂ ತಲೆಯಾಡಿಸಿ ಚಿವುಟಿದರು. ಆ ದಿನ ಏನೂ ಕೆಡಲಿಲ್ಲ. ಮೊದಲ ಸಾಹೇಬ ಹೋದಾಗ ಅಲ್ಲಿಯೂ ಅಷ್ಟೊಂದು ಕೆಟ್ಟಿರಲಿಕ್ಕಿಲ್ಲ.

ಕೆಡುವುದು ನಕ್ಷೆ ಬಂದ ಮೇಲೆ. ಮುಂದಿನ ವಾರ ನನ್ನನ್ನು ಕೇಳದೆಯೇ ಪಿನ್ ಹಿಡಿದು ಜನ ಬಂದರು. ಡಬ್ಲಿನ್ನಿನ ಸ್ಯಾಂಟ್ರಿಯಿಂದ ಬಂದರು, ಕಾರ್ಕ್‌ನಿಂದಲೂ ಬಂದರು. ಅಷ್ಟು ದೂರ ಕಾರು ಓಡಿಸಿ ಬಂದವರು ಒಂದು ಹಿಡಿ ಚಿವುಟಿ ಹೋಗುತ್ತಾರೆಯೇ? ಬೇರು ಸಮೇತ ಕಿತ್ತು ಚೀಲ ತುಂಬಿದರು. ಆಲೂಗಡ್ಡೆಯ ಸಾಲುಗಳ ಮೇಲೆ ನಡೆದರು, ಮಕ್ಕಳು ಓಡಿದರು. ಯಾರೋ ಆ ಜಾಗಕ್ಕೆ ಚಕ್ಕೋತ ಪಾಯಿಂಟ್ ಎಂದು ಹೆಸರಿಟ್ಟು ಐದು ನಕ್ಷತ್ರ ಕೊಟ್ಟರು; ಪಾರ್ಕಿಂಗ್ ಇಲ್ಲವೆಂದು ಇನ್ನೊಬ್ಬರು ಎರಡು ಕಡಿಮೆ ಮಾಡಿದರು. ಇನ್ನೊಬ್ಬರು ಡಬ್ಲಿನ್ನಿನಲ್ಲಿ ಕಟ್ಟು ಕಟ್ಟಿ ಮಾರುವ ಏರ್ಪಾಡು ಶುರು ಮಾಡಿದರು. ಶೋಧಕನ ಹಿಂದೆ ಕಂಪನಿ ಬರುವುದೆಂದರೆ ಇದೇ. ಕೊನೆಗೆ ಒಂದು ಭಾನುವಾರ ಗೇಟು ಹಾಕದೆ ಹೋದರು. ಈ ಸೀಮೆಯಲ್ಲಿ ಕೊಲೆ ಮಾಡಿದವನನ್ನಾದರೂ ಕ್ಷಮಿಸಿಯಾರು, ಗೇಟು ಹಾಕದವನನ್ನು ಕ್ಷಮಿಸರು. ಪಕ್ಕದವರ ದನ ನುಗ್ಗಿ ಆಲೂಗಡ್ಡೆಯನ್ನೆಲ್ಲ ತುಳಿದವು.

ನಾನು ಸುಧಾಳ ಜೊತೆ ಕಾರಿನಲ್ಲಿ ಹೋದಾಗ ನೋರಾ ಗೇಟಿಗೆ ಸರಪಳಿ ಸುತ್ತುತ್ತಿದ್ದರು. ಸುಧಾ ಇಳಿದಳು, ನಾನು ಇಳಿಯಲಿಲ್ಲ. ಗಾಜು ಇಳಿಸಿದ್ದೆ, ಎಲ್ಲ ಕೇಳಿಸಿತು. ಜಾಗವನ್ನು ತೋರಿಸಿದವಳು ನೀನೇನಾ ಎಂದು ಅವರು ಕೇಳಿದರು. ಸುಧಾ ಒಮ್ಮೆ ಕಾರಿನ ಕಡೆ ನೋಡಿದಳು. ನಾನು ಸೀಟ್ ಬೆಲ್ಟನ್ನು ನೋಡಿದೆ. ಸುದ್ದಿ ನಮ್ಮ ಮನೆಯಿಂದಲೇ ಹೋಗಿದ್ದು, ತಪ್ಪು ನಮ್ಮದೇ, ಎಂದಳು ಅವಳು. ನಮ್ಮದು ಎಂಬುದರಲ್ಲಿ ನನ್ನನ್ನು ಬಚ್ಚಿಟ್ಟಳು. ಮರುದಿನ ನಮ್ಮ ಬಾಗಿಲ ಮುಂದೆ ಒಂದು ಚೀಲದಲ್ಲಿ ಇಂಚರಳ ಕೆಂಪು ಬೂಟುಗಳಿದ್ದವು. ತೊಳೆದು ಒರೆಸಿ ಇಟ್ಟಿದ್ದರು.

ನಾನು ರೆಸ್ಟೊರೆಂಟಿನಲ್ಲಿರುವ ಸಂಜೆಗಳಲ್ಲಿ ಮಗುವನ್ನು ನೋಡುವವರಿಲ್ಲದೆ ಸುಧಾ ಡ್ಯೂಟಿಯನ್ನು ಶನಿವಾರ ಭಾನುವಾರಕ್ಕೆ ಬದಲಿಸಿಕೊಂಡಳು. ಗಂಡ ಕಾರ್ಕ್‌ನಿಂದ ಬರುವಾಗ ಅವಳು ಬ್ಯಾಗು ಹೆಗಲಿಗೇರಿಸಿ ಹೊರಡುತ್ತಾಳೆ. ಎರಡು ವರ್ಷದಿಂದ ಆ ಗಂಡಹೆಂಡಿರು ಬಾಗಿಲಲ್ಲಿ ಭೇಟಿಯಾಗುತ್ತಿದ್ದಾರೆ. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಪಾಲಕ್ ತಂದು ಸಾರು ಮಾಡಿ ಬಡಿಸಿದಳು. ನಾನು ಗುಂಪಿನಿಂದ ಆ ಫೋಟೋ ಅಳಿಸಿದೆ. ನೋರಾ ಅವರ ಹತ್ತಿರ ಹೋಗಿ ಹೇಳುವುದನ್ನು ಮಾತ್ರ ಮಳೆ ನಿಲ್ಲಲಿ, ಚಳಿ ಹೋಗಲಿ, ನನ್ನ ಇಂಗ್ಲಿಷ್ ಸುಧಾರಿಸಲಿ ಎಂದು ಮುಂದೂಡುತ್ತ ಬಂದೆ. ಐರ್ಲೆಂಡಿನಲ್ಲಿ ಮಳೆ ನಿಲ್ಲಲಿ ಎಂದು ಕಾಯುವವನ ಉದ್ದೇಶ ನಿಮಗೆ ಅರ್ಥವಾಗುತ್ತದೆ.

ಇಂಚರ ಚಾರ್ಟಿನ ಮೇಲೆ ಸಾಹೇಬನ ಮೀಸೆಯನ್ನು ಒತ್ತಿ ಅಂಟಿಸಿ, ನೋರಾ ಅಜ್ಜಿಯ ಲೋಟವನ್ನು ನೋಡಿ ಚಿತ್ರ ಬರೆಯಬೇಕು, ಆ ನಾಲ್ಕು ಹೆಸರು ಬೇಕು ಎಂದಳು. ಸುಧಾ ನಲ್ಲಿ ನಿಲ್ಲಿಸಿದಳು.

"ನಿಮ್ಮ ಮಾಮನ್ನ ಕೇಳು. ಸೋಮವಾರ ರಜಾ ಐತೆ ಅವರಿಗೆ."

ಎರಡು ವರ್ಷದಲ್ಲಿ ಅವಳು ಆ ವಿಷಯಕ್ಕೆ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಹೇಳಿ, ಕೈ ಒರೆಸಿಕೊಂಡು ಮಹಡಿಗೆ ಹೋದಳು.

ಸೋಮವಾರ ಶಾಲೆ ಬಿಟ್ಟ ಮೇಲೆ ಇಬ್ಬರೂ ನಡೆದು ಹೋದೆವು. ನನ್ನ ಇಂಗ್ಲಿಷ್ ಅಡುಗೆಮನೆಯ ಇಂಗ್ಲಿಷ್. ಟೇಬಲ್ ನಾಲ್ಕಕ್ಕೆ ಎರಡು ನಾನ್ ಎನ್ನುವಷ್ಟು. ಸಾರಿ ಎನ್ನುವುದಕ್ಕೆ ಸಾಕು, ಆದರೆ ಯಾವುದಕ್ಕೆ ಸಾರಿ ಎಂದು ವಿವರಿಸುವುದು ಕಷ್ಟ. ಕರ್ನಲ್‌ನ ಕಲ್ಲು ದಾಟಿದೆವು. ನೋರಾ ಕೋಳಿಗಳ ಬಕೆಟ್ಟು ಹಿಡಿದು ಗೇಟಿನ ಒಳಗಿದ್ದರು, ಮೊದಲಿಗಿಂತ ಬಗ್ಗಿದ್ದರು. ಇಂಚರಳನ್ನು ನೋಡಿ ಎಷ್ಟು ಉದ್ದವಾಗಿದ್ದೀಯ ಎಂದರು.

ಕಂಠಪಾಠ ಮಾಡಿದ್ದನ್ನೆಲ್ಲ ಮರೆತು, ಸುಧಾ ಅಲ್ಲ, ನಾನು, ಎಂದೆ. ಜನರನ್ನು ಕರೆದವನು ನಾನು. ಗೇಟು ತೆಗೆದವನು ನಾನು. ಸುಧಾ ಆ ದಿನ ನಿಮ್ಮ ಜೊತೆ ಆಸ್ಪತ್ರೆಯಲ್ಲಿದ್ದಳು. ನೀವು ಅವಳನ್ನು ಕೇಳಿದಾಗ ನಾನು ಕಾರಿನಲ್ಲಿ ಕೂತಿದ್ದೆ, ಎಂದೆ. ಇಷ್ಟಕ್ಕೆ ನನ್ನ ಇಂಗ್ಲಿಷ್ ಸಾಕಾಯಿತು. ಎರಡು ವರ್ಷದ ಹಿಂದೆಯೂ ಸಾಕಾಗುತ್ತಿತ್ತು.

ಅವರು ಬಕೆಟ್ಟು ಕೆಳಗಿಟ್ಟರು. ಅವರ ಮಾತನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: "ನಿಮ್ಮ ಮನೆಯಿಂದ ಇಲ್ಲಿಗೆ ಎರಡು ಹೊಲ. ಅದನ್ನ ದಾಟೋಕೆ ನಿನಗೆ ಎರಡು ವರ್ಷ ಬೇಕಾಯ್ತು. ಅಷ್ಟರಲ್ಲಿ ಆ ಕರ್ನಲ್ ಆಫ್ರಿಕಾನೇ ದಾಟಿದ್ದ."

ಆಮೇಲೆ ಸರಪಳಿ ಬಿಚ್ಚಿ ಇಂಚರಳನ್ನು ಒಳಗೆ ಬಿಟ್ಟುಕೊಂಡರು. ನಾನೂ ಹೆಜ್ಜೆ ಎತ್ತಿದೆ. ಅವರು ಕೈ ಅಡ್ಡ ಹಿಡಿದು, ಸರಪಳಿಯನ್ನು ನನ್ನ ಅಂಗೈಗೆ ಹಾಕಿದರು. ನೀನು ಇಲ್ಲೇ ನಿಂತು ಗೇಟು ನೋಡಿಕೊ, ಎಂದರು. ಒಂದು ಗಂಟೆಗೂ ಹೆಚ್ಚು ನಿಂತೆ. ಒಬ್ಬನೂ ಬರಲಿಲ್ಲ. ಆಚೆ ಹೊಲದ ಕುರಿಗಳು ಸಾಲಾಗಿ ನಿಂತು ನನ್ನನ್ನು ನೋಡಿದವು, ಹೊಸ ಸೀಮೆಯ ಪ್ರಾಣಿಯನ್ನು ನೋಡುವ ಹಾಗೆ. ಸಣ್ಣ ಮಳೆ ಬಂದು ಹೋಯಿತು. ಆಲೂಗಡ್ಡೆಯ ಸಾಲಿನ ಅಂಚಿನಲ್ಲಿ ಏನಾದರೂ ಚಿಗುರಿದೆಯೇ ಎಂದು ಕತ್ತು ಚಾಚಿ ನೋಡಬಹುದಿತ್ತು. ನೋಡಲಿಲ್ಲ. ಅಷ್ಟು ಮಾತ್ರ ನನ್ನ ಬಗ್ಗೆ ಒಳ್ಳೆಯದಾಗಿ ಹೇಳಿಕೊಳ್ಳುತ್ತೇನೆ.

ವಾಪಸು ಬರುವಾಗ ಇಂಚರ ನೋಟ್‌ಬುಕ್ ಓದಿದಳು. ಜುಮಾ, ಹಮೀಸಿ, ಬರಾಕ, ಸಲೀಮು. ಕೊನೆಯವನು ತೊಟ್ಟಿ ಹೊತ್ತವನಂತೆ. ಅಜ್ಜ ಮುಪ್ಪಿನಲ್ಲಿ ಹೇಳುತ್ತಿದ್ದದ್ದನ್ನೂ ನೋರಾ ಬರೆಸಿದ್ದರು: ನಾವು ಕಡಿದ ದಾರಿಯಲ್ಲೇ ಆಮೇಲೆ ಬಂದೂಕಿನವರು ಬಂದರು, ತೆರಿಗೆಯವರು ಬಂದರು, ರಬ್ಬರಿನವರು ಬಂದರು, ಆ ನಾಲ್ಕು ಜನರ ಊರುಗಳಲ್ಲಿ ಯಾರು ಉಳಿದರೋ ಗೊತ್ತಿಲ್ಲ, ದಾರಿಯ ಗುರುತು ಮಾಡಲು ಮರಕ್ಕೆ ಕೊಡಲಿ ಹಾಕಿದವನು ನಾನೂ ಒಬ್ಬ. ಇದೇ ಊರಿಗೂ ಒಂದು ಕಾಲದಲ್ಲಿ ಸರಪಳಿ ಹಿಡಿದು ಅಳೆಯುವ ಇಂಗ್ಲಿಷರು ಬಂದು, ಊರಿನ ಹೆಸರನ್ನು ತಮ್ಮ ನಾಲಿಗೆ ಹೊರಳಿದಂತೆ ಬರೆದುಕೊಂಡು ಹೋಗಿದ್ದರಂತೆ. ಅದು ಗೊತ್ತಿದ್ದೂ ಅಜ್ಜ ಹೋದ. ಹದಿನೇಳು ವಯಸ್ಸು, ಹಸಿವು. ನನಗೆ ನಲವತ್ತಾರು ವಯಸ್ಸಾಗಿತ್ತು, ಹೊಟ್ಟೆ ತುಂಬಿತ್ತು.

ಬುಧವಾರ ಸುಧಾ ಒಬ್ಬಳೇ ಹೋಗಿ ಬಂದಳು. ಎಷ್ಟು ಹೊತ್ತು ಇದ್ದಳು, ಏನು ಮಾತಾಡಿದಳು, ನಾನು ಕೇಳಲಿಲ್ಲ. ಇಂಚರಳಿಗೆ ಚಿಕ್ಕದಾದ ಆ ಕೆಂಪು ಬೂಟುಗಳನ್ನು ಒಯ್ದಿದ್ದಳು, ಬರುವಾಗ ಕೈಯಲ್ಲಿರಲಿಲ್ಲ. ಮಧ್ಯಾಹ್ನ ಮನೆಯೊಳಗೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ, ಅದರ ಕೆಳಗೆ ಎರಡು ವರ್ಷದಿಂದ ಇಲ್ಲದಿದ್ದ ಇನ್ನೊಂದು ವಾಸನೆ. ಮಸ್ಸೊಪ್ಪು. ಒಂದು ಹಿಡಿ ಸೊಪ್ಪಿನದು, ನೀರು ಜಾಸ್ತಿ. ಬಡಿಸುತ್ತ ಅವಳು ಕೇಳಿದಳು.

"ಗೇಟು ಕಾಯೋ ಕೆಲ್ಸ ಕೊಟ್ರಂತೆ?"

"ಹೂಂ."

"ಪರ್ಮನೆಂಟಾ ಅಣ್ಣ, ಇಲ್ಲ ಪ್ರೊಬೇಷನ್ನಾ?"

ನಾನು ತಲೆ ಎತ್ತಲಿಲ್ಲ. ಅವಳು ನಗುತ್ತಿದ್ದಳೋ ಏನೋ, ಗೊತ್ತಿಲ್ಲ. ಎರಡನೇ ಸಲ ಬೇಕೆಂದು ನಾನು ಕೇಳಲಿಲ್ಲ, ಅವಳೇ ಹಾಕಿದಳು.

ಈಗ ಇದನ್ನು ಬರೆಯುತ್ತಿರುವ ಮೇಜಿನ ಮೇಲೆಯೇ ಆ ಚಾರ್ಟು ಒಣಗುತ್ತಿದೆ. ಇಂಚರ ಸಾಹೇಬನನ್ನು ಉಗುರಿನಿಂದ ಎಬ್ಬಿಸಿ ಸಮುದ್ರದ ಮೂಲೆಗೆ ಸರಿಸಿದ್ದಾಳೆ, ಅರ್ಧ ಮೀಸೆ ಕಿತ್ತು ಬಂದಿದೆ. ಮೇಲುಗಡೆ ದೊಡ್ಡ ಅಕ್ಷರದಲ್ಲಿ ನಾಲ್ಕು ಹೆಸರು, ಪಕ್ಕದಲ್ಲಿ ತಗಡಿನ ಲೋಟ. ಮಧ್ಯದ ಬಿಳಿಗೆ ಯಾವ ಬಣ್ಣ ಹಾಕಲಿ ಎಂದು ಕೇಳಿದಳು. ಅಲ್ಲಿಯವರಿಗೆ ಗೊತ್ತಿದೆಯಲ್ಲ, ಹಾಗೇ ಬಿಡು, ಎಂದೆ. "ಗ್ರ್ಯಾಂಡ್, ಮಾಮ," ಎಂದು, ಸರಿ ಎನ್ನಲು ಇಲ್ಲಿಯವರು ಹೇಳುವ ಹಾಗೆ ಹೇಳಿ, ಪೆನ್ಸಿಲ್ಲಿನ ಡಬ್ಬ ಮುಚ್ಚಿದಳು.

ಇಷ್ಟೆಲ್ಲ ಓದಿದ ಮೇಲೆ ನಿಮ್ಮಲ್ಲಿ ಒಬ್ಬಿಬ್ಬರಿಗಾದರೂ ಆ ಹೊಲ ಎಲ್ಲಿದೆ ಎಂದು ಕೇಳುವ ಆಸೆಯಾಗಿರುತ್ತದೆ. ನಿಮ್ಮ ತಪ್ಪಲ್ಲ, ಚಕ್ಕೋತ ಸೊಪ್ಪು ಅಂಥದು. ಸ್ಲೈಗೋ ಎಂದು ಬರೆದಿದ್ದೇನೆ. ಅದು ನಿಜವೇ ಆಗಿರಬೇಕೆಂದಿಲ್ಲ. ಕರ್ನಲ್‌ನ ಕಲ್ಲು ಇರುವ ಕೂಡುರಸ್ತೆಯೂ ಬೇರೆ ಕಡೆ ಇರಬಹುದು. ಅಲ್ಲೇ ಕಣಣ್ಣ, ಹಿಂಗೇ ಹೋಗ್ತಾ. ನನ್ನ ಕೈ ಎತ್ತ ಬೀಸುತ್ತಿದೆ ಎಂದು ನಿಮಗೆ ಕಾಣುವುದಿಲ್ಲ, ಆದರೆ ಬೀಸುತ್ತಿದ್ದೇನೆ.